ಗೆಣ್ಣುನ್ಯಾಯ: ಕಡರನಾಯಕನಹಳ್ಳಿಯ ಬಣ್ಣದ ಅಮೃತಶಿಲೆಯನ್ನು ಕುರಿತು ಒಂದು ಶಾಸ್ತ್ರವಿಚಾರ

ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಲ್ಲಾಗಲಿ, ಹರಿಹರ-ದಾವಣಗೆರೆಗಳ ಹೊಸ ಬಡಾವಣೆಗಳಲ್ಲಾಗಲಿ, ಈಗ ಕಟ್ಟುವ ಮನೆಯ ಹಾಲಿಗೆ ನಾಲ್ಕು ಗೋಡೆಗಳಿರುತ್ತವೆ ಎಂಬುದು ಇಂಜಿನಿಯರುಗಳ ಅಭಿಪ್ರಾಯ. ಶಾಸ್ತ್ರದೃಷ್ಟಿಯಿಂದ ನೋಡಿದರೆ ಅಲ್ಲಿರುವುದು ಮೂರು ಗೋಡೆ, ಒಂದು ವಾದ. ಮೂರು ಗೋಡೆಗಳು ತಿಳಿಯಾದ ಕೆನೆಬಣ್ಣ ಹಚ್ಚಿಸಿಕೊಂಡು, ತಾವು ಗೋಡೆಗಳೆಂದು ಒಪ್ಪಿಕೊಂಡು ಸುಮ್ಮನಿರುತ್ತವೆ. ಟೀವಿ ಕೂರುವ ನಾಲ್ಕನೆಯದು ಮಾತ್ರ ಒಪ್ಪುವುದಿಲ್ಲ. ತಾನು ಮಕ್ರಾನದ ಅಮೃತಶಿಲೆ ಎನ್ನುತ್ತದೆ; ಅದಲ್ಲದಿದ್ದರೆ ಸಾಗುವಾನಿ ಹಲಗೆ, ತುಕ್ಕು ಹಿಡಿದ ತಗಡು, ಗಿಲಾವು ಕಾಣದ ಇಟ್ಟಿಗೆ ಎನ್ನುತ್ತದೆ. ಈ ನಾಲ್ಕನೆಯ ಗೋಡೆಯ ಬಗ್ಗೆ ಲೋಕದಲ್ಲಿ ಎರಡೇ ಮಾತು ಚಾಲ್ತಿಯಲ್ಲಿವೆ. ಒಂದು ‘ಚಲೋ ಬಂದೈತೆ’, ಇನ್ನೊಂದು ‘ದುಡ್ಡು ದಂಡ’. ಎರಡಕ್ಕೂ ಪ್ರಮಾಣವಿಲ್ಲ, ಪೂರ್ವಪಕ್ಷವಿಲ್ಲ, ಖಂಡನೆಯಿಲ್ಲ. ಆದ್ದರಿಂದ ಎರಡೂ ಶಾಸ್ತ್ರವಲ್ಲ. ಆ ಕೊರತೆಯನ್ನು ನೀಗಲು ಹೊರಟ ಈ ಪ್ರಬಂಧದ ಪ್ರತಿಜ್ಞೆ ಇಷ್ಟು: ಬಣ್ಣದಿಂದ ಕಲ್ಲು ಮಾಡುವ ಕಲೆ ಲೋಕದ ಉಳಿದೆಲ್ಲ ವೇಷಗಳಿಗಿಂತ ಬೇರೆ ಜಾತಿಯದು. ಉಳಿದವು ಸಿಕ್ಕಿಬೀಳದಿದ್ದರೆ ಗೆದ್ದಂತೆ. ಇದು ಸಿಕ್ಕಿಬಿದ್ದರೇ ಗೆದ್ದಂತೆ.

ಮೊದಲು ವಿಧಿ. ಪುಟ್ಟಿ ಎಳೆದು, ಉಪ್ಪುಕಾಗದದಿಂದ ಉಜ್ಜಿ, ಪ್ರೈಮರ್ ಕೊಟ್ಟು, ತಳಕ್ಕೆ ಒಂದು ಬಣ್ಣ ಬಳಿದು ಒಣಗಿಸುವುದು. ಇಷ್ಟರವರೆಗೆ ಎಲ್ಲ ಪಂಥಗಳಿಗೂ ಒಮ್ಮತವಿದೆ. ಆಮೇಲೆ ಅದೇ ಕುಲದ, ಒಂದು ಛಾಯೆ ಗಾಢವಾದ ಬಣ್ಣವನ್ನು ಪಾರದರ್ಶಕ ಗ್ಲೇಜ್‌ನಲ್ಲಿ ತೆಳುಮಾಡಿ ಮೇಲೆ ಕೊಡುವಾಗ ಭಿನ್ನಾಭಿಪ್ರಾಯ ಹುಟ್ಟಿ ಶಾಖೆಗಳಾಗುತ್ತವೆ. ಸ್ಪಂಜು ಅದ್ದಿ ಒತ್ತುವವರದು ಒಂದು ಶಾಖೆ. ಬಟ್ಟೆ ಮುದುರಿ ಉರುಳಿಸುವವರದು ಇನ್ನೊಂದು. ಹಸಿ ಬಣ್ಣದ ಮೇಲೆ ರಬ್ಬರಿನ ಬಾಚಣಿಗೆ ಎಳೆದು ಮರದ ನಾರು ಎಬ್ಬಿಸುವವರು ಪ್ರಾಚೀನರು. ಪ್ಲಾಸ್ಟಿಕ್ ಕವರ್ ಒತ್ತಿ ಕಿತ್ತು ಸುಕ್ಕು ಬರಿಸುವವರು ನವ್ಯರು. ಕಂಪನಿಗಳ ಶೇಡ್ ಪುಸ್ತಕದಲ್ಲಿ ಇವಕ್ಕೆಲ್ಲ ಸ್ಪಾಂಜಿಂಗ್, ರ್‍ಯಾಗಿಂಗ್, ಕೋಂಬಿಂಗ್ ಎಂದು ಪ್ರತ್ಯೇಕ ನಾಮಕರಣವಾಗಿದೆ. ಪೇಂಟರು ಮಾತ್ರ ಎಲ್ಲವನ್ನೂ ‘ಟೆಕ್ಸ್ಚರ್’ ಎಂದು ಮುಗಿಸಿ ಅಡಿ ಲೆಕ್ಕಕ್ಕೆ ಬರುತ್ತಾನೆ. ಸ್ಪಂಜು, ಚಿಂದಿ, ಒದ್ದೆ ಬಟ್ಟೆ: ಕಲೆ ತೆಗೆಯಲು ಮನೆಯಲ್ಲಿದ್ದ ಸಾಮಾನುಗಳಿಂದಲೇ ಇಲ್ಲಿ ಕಲೆ ಹುಟ್ಟುತ್ತದೆ ಎಂಬುದನ್ನು ಮಾತ್ರ ದಾಖಲಿಸಿ ಮುಂದೆ ಹೋಗೋಣ. ಇವೆಲ್ಲಕ್ಕೂ ಶಿಖರಪ್ರಾಯವಾದದ್ದು ಅಮೃತಶಿಲೆ. ನಿಜವಾದ ಅಮೃತಶಿಲೆ ಸುಣ್ಣದಕಲ್ಲು ನೆಲದಡಿಯ ಬಿಸಿಗೂ ಒತ್ತಡಕ್ಕೂ ಸಿಕ್ಕಿ ರೂಪಾಂತರವಾದದ್ದು. ಅದರಲ್ಲಿ ಕಾಣುವ ಗೆರೆಗಳು ಮೂಲದಲ್ಲಿ ಬೆರೆತಿದ್ದ ಜೇಡಿ, ಕಬ್ಬಿಣದಂಥ ಕಲ್ಮಶಗಳು. ಭೂಮಿ ಕೋಟಿಗಟ್ಟಲೆ ವರ್ಷಗಳಲ್ಲಿ ಗೊತ್ತಿಲ್ಲದೆ ಮಾಡಿದ ತಪ್ಪುಗಳನ್ನು ಪೇಂಟರು ಗೊತ್ತಿದ್ದೂ, ಹಕ್ಕಿಯ ಗರಿ ಹಿಡಿದು, ಮಧ್ಯಾಹ್ನದ ಊಟದೊಳಗೆ ಮಾಡಿ ಮುಗಿಸಬೇಕು. ಗೆರೆಗಳು ಒಂದನ್ನೊಂದು ಗುಣಾಕಾರದ ಚಿಹ್ನೆಯಂತೆ ಕತ್ತರಿಸಬಾರದು, ಒಂದರ ಪಕ್ಕ ಒಂದು ಸಮಾನಾಂತರವಾಗಿ ಹೋಗಬಾರದು, ಎಲ್ಲಿಂದಲೋ ಬಂದು ಎಲ್ಲಿಗೋ ಹೋಗಬೇಕು, ಹೋಗುತ್ತಾ ಮಾಯವಾಗಬೇಕು. ಅಂದುಕೊಳ್ಳದೆ ಆದದ್ದು ಎಂದು ಕಾಣುವಂತೆ ಅಂದುಕೊಂಡು ಮಾಡುವುದು ಎಷ್ಟು ಕಷ್ಟ ಎಂಬುದು, ಬೀಗರ ಮನೆಯಲ್ಲಿ ಸಹಜವಾಗಿ ಕೂರಲು ಯತ್ನಿಸಿದ ಅಳಿಯಂದಿರಿಗೆ ಗೊತ್ತು.

ಈಗ ಪ್ರಮೇಯ. ಕಡರನಾಯಕನಹಳ್ಳಿಯ ಒಂದು ಹೊಸ ಮನೆಗೆ ಬೀಗರು ಬಂದರೆನ್ನಿ. ನೀರು ಕೊಟ್ಟಾಯಿತು, ಮಳೆ-ಬೆಳೆ ಕೇಳಿಯಾಯಿತು. ಕಣ್ಣು ನಾಲ್ಕನೆಯ ಗೋಡೆಯಲ್ಲಿ ನಿಲ್ಲುತ್ತದೆ. ಬೀಗರು ಎದ್ದು ಹೋಗಿ ಮೊದಲು ಅಂಗೈ ಇಡುತ್ತಾರೆ. ಕಲ್ಲು ಅಂಗೈಯ ಬಿಸಿಯನ್ನು ಬೇಗ ಎಳೆದುಕೊಳ್ಳುವುದರಿಂದ ತಣ್ಣಗಿರುತ್ತದೆ, ಬಣ್ಣದ ಪದರ ಅಷ್ಟು ಬೇಗ ಎಳೆದುಕೊಳ್ಳುವುದಿಲ್ಲ. ಆದ್ದರಿಂದ ಇದು ಪ್ರತ್ಯಕ್ಷ ಪ್ರಮಾಣ. ಅಷ್ಟಕ್ಕೇ ತೃಪ್ತರಾಗದೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ ಕಿವಿಗೊಡುತ್ತಾರೆ, ಇದು ಅನುಮಾನ. ‘ಕಲ್ಲಲ್ಲ ಇದು, ಪೇಂಟ್ ಅಲ್ಲೇನ್ರೀ?’ ಎಂದು ಯಜಮಾನರನ್ನು ಕೇಳುತ್ತಾರೆ. ‘ಪೇಂಟೇ ರೀ’ ಎಂಬ ಉತ್ತರ ಶಬ್ದಪ್ರಮಾಣ. ಮೂರು ಪ್ರಮಾಣಗಳೂ ಒಂದೇ ದಿಕ್ಕಿಗೆ ಬಿದ್ದ ಮೇಲೆ, ತರ್ಕದ ಪ್ರಕಾರ ಯಜಮಾನರ ಮುಖ ಸಪ್ಪಗಾಗಬೇಕು. ಆಗುವುದಿಲ್ಲ. ಅರಳುತ್ತದೆ. ಯಾಕೆಂದರೆ ಆ ಕ್ಷಣದ ನಂತರವೇ ಇಡೀ ಗೋಡೆ ಯಾವುದಕ್ಕಾಗಿ ನಿಂತಿದೆಯೋ ಆ ಪ್ರಶ್ನೆ ಬರುವುದು: ‘ಅಡಿಗೆ ಎಷ್ಟು ಬಿತ್ತು?’ ಈ ಪ್ರಶ್ನೆಗೆ ಬೀಗರಿಗೆ ಒಂದು ದರ, ಸಾಲ ಕೇಳಲು ಬಂದ ತಮ್ಮನಿಗೆ ಇನ್ನೊಂದು ದರ ಹೇಳುವ ಪದ್ಧತಿಯಿದೆ. ಅದು ಅರ್ಥಶಾಸ್ತ್ರದ ವಿಷಯ, ನಮ್ಮದಲ್ಲ. ತಟ್ಟುವುದರಿಂದ ದರ ಕೇಳುವವರೆಗಿನ ಈ ಸರಣಿಯನ್ನು ‘ಗೆಣ್ಣುನ್ಯಾಯ’ ಎಂದು ಕರೆಯಬಹುದು. ಇದರ ವ್ಯತಿರೇಕವನ್ನೂ ನೋಡಬೇಕು. ಬಂದವರು ಪೂರ್ತಿ ಮೋಸಹೋಗಿ, ಕಲ್ಲೆಂದೇ ನಂಬಿ, ಕಾಫಿ ಕುಡಿದು ಹೊರಟರೆನ್ನಿ. ಆಗ ಯಜಮಾನರೇ ಬಾಗಿಲ ತನಕ ಹಿಂದೆ ಬಂದು ‘ಅದು ಕಲ್ಲಲ್ಲ ರೀ, ಪೇಂಟು’ ಎಂದು ಕೇಳದೆಯೇ ಹೇಳುತ್ತಾರೆ. ಖೋಟಾ ನೋಟು ದಾಟಿಸಿದವನು ಅಂಗಡಿಯವನ ಹಿಂದೆ ಓಡಿಹೋಗಿ ‘ಸ್ವಾಮೀ, ಅದು ಖೋಟಾ’ ಎಂದದ್ದನ್ನು ಯಾರೂ ಕಂಡಿಲ್ಲ. ಈ ಒಂದೇ ಭೇದದಿಂದ ನಮ್ಮ ಪಕ್ಷ ಬಹುಮಟ್ಟಿಗೆ ಸ್ಥಾಪಿತವಾಗುತ್ತದೆ.

ಯವನಾಚಾರ್ಯರ ಸಾಕ್ಷ್ಯವೂ ಇದಕ್ಕೆ ಅನುಕೂಲವಾಗಿದೆ. ರೋಮಿನ ಪ್ಲಿನಿ ಬರೆದಿಟ್ಟ ಕಥೆಯಲ್ಲಿ ಜ್ಯೂಕ್ಸಿಸ್ ಬರೆದ ದ್ರಾಕ್ಷಿಯನ್ನು ಕುಕ್ಕಲು ಹಕ್ಕಿಗಳು ಹಾರಿಬಂದವು. ಆ ಉತ್ಸಾಹದಲ್ಲಿ ಅವನು ಎದುರಾಳಿ ಪರ್‍ಹೇಸಿಯಸ್‌ನ ಚಿತ್ರದ ಮೇಲಿನ ಪರದೆ ಸರಿಸು ಎಂದ. ಆ ಪರದೆಯೇ ಚಿತ್ರವಾಗಿತ್ತು. ನಾನು ಹಕ್ಕಿಯನ್ನು ಮರುಳುಮಾಡಿದೆ, ನೀನು ಚಿತ್ರಕಾರನನ್ನೇ ಮರುಳುಮಾಡಿದೆ ಎಂದು ಜ್ಯೂಕ್ಸಿಸ್ ಸೋಲೊಪ್ಪಿಕೊಂಡ. ಇದನ್ನು ಭ್ರಮೆಯ ಗೆಲುವೆಂದು ಓದುವುದು ರೂಢಿ. ಆದರೆ ಜ್ಯೂಕ್ಸಿಸ್ ಅದನ್ನು ಪರದೆಯೆಂದೇ ನಂಬಿ, ಏನೂ ಕೇಳದೆ ಮನೆಗೆ ಹೋಗಿದ್ದರೆ? ಚಿತ್ರವನ್ನು ತೋರಿಸಲೂ ಬಾರದ ಜಂಬಗಾರ ಎಂಬ ಹೆಸರು ಪರ್‍ಹೇಸಿಯಸ್‌ಗೆ ಉಳಿಯುತ್ತಿತ್ತು. ಅವನು ಗೆದ್ದದ್ದು ನಂಬಿಸಿದಾಗ ಅಲ್ಲ, ಸಿಕ್ಕಿಬಿದ್ದಾಗ. ಹಕ್ಕಿಗಳ ಪ್ರಶಸ್ತಿಪತ್ರ ಎರಡನೆಯ ದರ್ಜೆಯದಾಗಲು ಕಾರಣವೂ ಇದೇ. ಹಕ್ಕಿ ಕುಕ್ಕುತ್ತದೆ, ಅಂದರೆ ಗೆಣ್ಣಿನ ಕೆಲಸವನ್ನು ಕೊಕ್ಕಿನಿಂದ ಮಾಡುತ್ತದೆ, ಆದರೆ ಅಡಿಗೆ ಎಷ್ಟು ಎಂದು ಕೇಳುವುದಿಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೂದಿಯಡಿ ಹೂತ ಪಾಂಪೆಯಲ್ಲಿ, ಅದಕ್ಕೂ ಇನ್ನೂರು ವರ್ಷ ಹಳೆಯ ಗೋಡೆಗಳಲ್ಲಿ, ಗಾರೆಯನ್ನೇ ಇಟ್ಟಿಗೆ ಇಟ್ಟಿಗೆಯಾಗಿ ಉಬ್ಬಿಸಿ ಅಮೃತಶಿಲೆಯ ಬಣ್ಣ ಕೊಟ್ಟಿದ್ದಾರೆ. ಕೆಂಪಿನ ಪಕ್ಕ ಹಸಿರು, ಹಸಿರಿನ ಪಕ್ಕ ಹಳದಿ ಕಲ್ಲು. ನಂಬಿಸುವ ಉದ್ದೇಶವಿದ್ದವರು ಅಷ್ಟು ದೇಶಗಳ ಕಲ್ಲನ್ನು ಒಂದೇ ಪಡಸಾಲೆಯಲ್ಲಿ ಸೇರಿಸುವ ಸಾಹಸ ಮಾಡುತ್ತಿರಲಿಲ್ಲ. ಇನ್ನು ಇಂಗ್ಲೆಂಡಿನ ಥಾಮಸ್ ಕರ್ಶಾ ಎಂಬ ಪೇಂಟರು 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬಣ್ಣದ ಮರ, ಬಣ್ಣದ ಕಲ್ಲುಗಳಿಗಾಗಿ ಪದಕ ಪಡೆದ. ಅವನ ಹಲಗೆಗಳು ಇಂದಿಗೂ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿವೆ. ಪದಕ ಕೊಡಬೇಕಾದರೆ ಅದು ಕಲ್ಲಲ್ಲ ಎಂದು ತೀರ್ಪುಗಾರರಿಗೆ ಮೊದಲು ಗೊತ್ತಾಗಬೇಕು. ಕಲ್ಲಿಗೆ ಕಲ್ಲಾಗಿದ್ದುದಕ್ಕಾಗಿ ಯಾರೂ ಪದಕ ಕೊಡುವುದಿಲ್ಲ.

ಕನ್ನಡನಾಡಿನ ಪರಂಪರೆ ಇದಕ್ಕಿಂತ ದೃಢವಾದದ್ದು. ಐಹೊಳೆಯ ಲಾಡ್‌ಖಾನ್ ಗುಡಿಯ ಮಾಳಿಗೆಯಲ್ಲಿ ಚಪ್ಪಡಿಗಳ ಸಂದು ಮುಚ್ಚಲು ಉದ್ದುದ್ದ ಕಲ್ಲಿನ ಪಟ್ಟಿಗಳನ್ನು ಮರದ ದಿಮ್ಮಿಗಳಂತೆ ಕೂರಿಸಿದ್ದಾರೆ. ಬಣ್ಣ ಕಲ್ಲಿನ ವೇಷ ಹಾಕುವುದಕ್ಕೆ ಎಷ್ಟೋ ಮುಂಚೆ ಕಲ್ಲೇ ಮರದ ವೇಷ ಹಾಕಿತ್ತು ಎಂಬುದಕ್ಕೆ ಇದು ಸಾಕು. ಹರಿಹರದಲ್ಲಂತೂ ಪ್ರಮಾಣ ಊರ ನಡುವೆಯೇ ನಿಂತಿದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಬಳಪದ ಕಲ್ಲಿನ ಕಂಬಗಳು ಬಡಗಿಯ ಲೇತಿನಿಂದ ಇಳಿದ ಮರದ ಕಾಲಿನ ಹಾಗೆ ಬಳೆಬಳೆಯಾಗಿ ತಿರುಗಿವೆ, ಮೇಲೆ ಮಿರುಗುವ ಹೊಳಪು ಬೇರೆ. ಕಲ್ಲು ಒಂದೇ ಏಟಿಗೆ ಮರವೂ ಆಗಿದೆ, ಕನ್ನಡಿಯೂ ಆಗಿದೆ. ಬಂದವರು ಕಂಬದ ಮೇಲೆ ಕೈಯಾಡಿಸಿ ನೋಡುತ್ತಾರೆ. ಗೆಣ್ಣುನ್ಯಾಯದ ದೇವಾಲಯ ಪ್ರಯೋಗ ಇದು. ಕಂಬ ತಿರುಗಿಸಿದ ಈ ಊರಿನಲ್ಲೇ ಏಳು ಶತಮಾನ ಕಳೆದು, 1941ರಲ್ಲಿ, ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರ ಮಾಡಲು ಶುರುವಾದದ್ದನ್ನು ಕಾಕತಾಳೀಯ ಎನ್ನುವವರಿದ್ದಾರೆ. ಅಂಥವರಿಗೆ ಸಂಶೋಧನೆ ಒಗ್ಗುವುದಿಲ್ಲ. ಗರ್ಭಗುಡಿಯ ಮೂರ್ತಿಯೂ ಬಲಕ್ಕೆ ಹರ, ಎಡಕ್ಕೆ ಹರಿ. ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂದು ವರ ಪಡೆದ ಗುಹಾಸುರನನ್ನು ಮುಗಿಸಲು ಇಬ್ಬರೂ ಕೂಡಿ ಒಂದಾದರು ಎಂದು ಸ್ಥಳಪುರಾಣ. ವರದ ಅಕ್ಷರಕ್ಕೆ ಭಂಗ ಬರಲಿಲ್ಲ, ಕೆಲಸವೂ ಆಯಿತು. ಅದೂ ಅಲ್ಲದ ಇದೂ ಅಲ್ಲದ ಮೂರನೆಯದಕ್ಕೆ ಇಷ್ಟು ದೊಡ್ಡ ಅಂಗೀಕಾರ ಸಿಕ್ಕಿರುವ ತಾಲ್ಲೂಕಿನಲ್ಲಿ, ಗೋಡೆಯೂ ಅಲ್ಲದ ಕಲ್ಲೂ ಅಲ್ಲದ ಟೀವಿ ಗೋಡೆಯೊಂದನ್ನೇ ಕಟಕಟೆಗೆ ಎಳೆಯುವುದು ನ್ಯಾಯವೇ? ಪುಟ್ಟಿಯ ಬಗ್ಗೆಯೂ ರಾಜಶಾಸನವುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ 12ನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ, ಚಿತ್ರ ಬರೆಯುವ ಗೋಡೆಗೆ ಎಮ್ಮೆಯ ಚರ್ಮ ಕುದಿಸಿದ ವಜ್ರಲೇಪದಲ್ಲಿ ಬಿಳಿಮಣ್ಣು ಕಲಸಿ ಮೂರು ಸಲ ಬಳಿಯಬೇಕೆಂದು ವಿಧಿಸಿದ್ದಾನೆ. ಪುಟ್ಟಿ ಎರಡು ಕೋಟೋ ಮೂರು ಕೋಟೋ ಎಂದು ಯಜಮಾನರೂ ಪೇಂಟರೂ ಜಗಳ ಕಾಯುವಾಗ ಚಕ್ರವರ್ತಿಯ ಮತ ಪೇಂಟರ ಕಡೆಗಿದೆ.

ಇನ್ನು ಆಕ್ಷೇಪಗಳು. ‘ಇದರಲ್ಲಿ ಶಾಸ್ತ್ರವೇನೂ ಇಲ್ಲ, ಇದು ಕೈಲಾಗದವರ ಆಸೆ, ಕಲ್ಲು ಕೊಳ್ಳಲಾಗದವರು ಕಲ್ಲಿನ ಬಣ್ಣ ಬಳಿಸುತ್ತಾರೆ’ ಎಂಬುದು ಅರ್ಥಶಾಸ್ತ್ರಜ್ಞರ ಪೂರ್ವಪಕ್ಷ. ಮೇಲ್ನೋಟಕ್ಕೆ ಬಲವಾಗಿ ಕಾಣುವ ಈ ವಾದ ಇಟ್ಟಿಗೆಯ ಎದುರು ನಿಲ್ಲುವುದಿಲ್ಲ. ಈಗಿನ ಗೋಡೆ ಇಟ್ಟಿಗೆಯದೇ. ಅದರ ಮೇಲೆ ಸಿಮೆಂಟು ಗಿಲಾವು ಮಾಡಿ, ಪುಟ್ಟಿ ಎಳೆದು, ನುಣ್ಣಗೆ ಉಜ್ಜಿ, ಒಳಗಿದ್ದ ಇಟ್ಟಿಗೆ ಹೊರಗೆ ಕಾಣುತ್ತಿದೆ ಎನ್ನುವಂತೆ ಅದರ ಮೇಲೆ ಇಟ್ಟಿಗೆ ಬರೆಸುತ್ತಾರೆ. ಇನ್ನೂ ಮುಂದೆ ಹೋದವರು ‘ಕಾಂಕ್ರೀಟ್ ಫಿನಿಶ್’ ಹೊಡೆಸುತ್ತಾರೆ: ದುಡ್ಡು ಸಾಲದೆ ಬಣ್ಣ ಕಾಣದ ಮನೆ ಹೇಗಿರುತ್ತದೋ ಹಾಗೆ ಕಾಣಲು, ಬಣ್ಣಕ್ಕೆ ದುಪ್ಪಟ್ಟು ದುಡ್ಡು ಕೊಡುವುದು. ತುಕ್ಕಿನ ಬಣ್ಣದ ಗೋಡೆಯಂತೂ ಹಳೇ ಕಬ್ಬಿಣದವನು ಕೆ.ಜಿ. ಲೆಕ್ಕದಲ್ಲಿ ಒಯ್ಯುವ ತಗಡಿನ ಅಣಕು. ಇಟ್ಟಿಗೆ, ಬರಿ ಸಿಮೆಂಟು, ತುಕ್ಕು ಇವು ಯಾವುವೂ ಅಮೃತಶಿಲೆಯ ಹಾಗೆ ಕೈಗೆಟುಕದವಲ್ಲ. ಕೈಯಲ್ಲೇ ಇದ್ದವು, ಮುಚ್ಚಿಹಾಕಿದವು. ಆದ್ದರಿಂದ ಬೆಲೆಯ ಆಸೆಯಿಂದ ಈ ಕಲೆಯನ್ನು ವಿವರಿಸುವುದು ಅವ್ಯಾಪ್ತಿದೋಷ. ಅಮೃತಶಿಲೆಗೂ ತುಕ್ಕಿಗೂ ಸಮಾನವಾಗಿ ಅನ್ವಯಿಸುವ ಕಾರಣ ಒಂದೇ: ಎರಡನ್ನೂ ಬಂದವರು ತಟ್ಟಿ ನೋಡುತ್ತಾರೆ.

ಎರಡನೆಯ ಆಕ್ಷೇಪ ನೈತಿಕವಾದದ್ದು, ಸಮುದ್ರದಾಚೆಯದು. ಜಾನ್ ರಸ್ಕಿನ್ 1849ರ ‘ವಾಸ್ತುವಿನ ಏಳು ದೀಪಗಳು’ ಗ್ರಂಥದಲ್ಲಿ, ಒಂದು ವಸ್ತುವಿನ ಮೇಲೆ ಇನ್ನೊಂದು ವಸ್ತುವಿನ ಬಣ್ಣ ಬಳಿಯುವುದನ್ನು ವಾಸ್ತುವಂಚನೆಗಳ ಸಾಲಿಗೆ ಸೇರಿಸಿದ. ಮರಕ್ಕೆ ಅಮೃತಶಿಲೆಯ ಬಣ್ಣ ಅವನ ಮೊದಲ ಉದಾಹರಣೆಗಳಲ್ಲೊಂದು. ವಿಯೆನ್ನಾದ ಅಡಾಲ್ಫ್ ಲೂಸ್ 1898ರಲ್ಲಿ ಮರಕ್ಕೆ ಯಾವ ಬಣ್ಣವನ್ನಾದರೂ ಬಳಿಯಿರಿ, ಮರದ ಬಣ್ಣವೊಂದನ್ನು ಬಿಟ್ಟು ಎಂದು ಕಾನೂನು ಮಾಡಿದ. ಬೇವಿನ ಬಾಗಿಲಿಗೆ ಸಾಗುವಾನಿ ಗೆರೆ ಎಳೆಸಿದ ದಾವಣಗೆರೆ ಸೀಮೆಯ ಎಲ್ಲ ಮನೆಗಳೂ ಈ ಕಾನೂನಿನಡಿ ಅಪರಾಧಿಗಳೇ. ಆದರೆ ರಸ್ಕಿನ್ ಅದೇ ಅಧ್ಯಾಯದಲ್ಲಿ ಚಿನ್ನದ ಮುಲಾಮಿಗೆ ವಿನಾಯಿತಿ ಕೊಟ್ಟಿದ್ದಾನೆ. ಕಟ್ಟಡದ ಮೇಲಿನ ಮುಲಾಮನ್ನು ಯಾರೂ ಗಟ್ಟಿ ಚಿನ್ನವೆಂದು ತಿಳಿಯುವುದಿಲ್ಲ, ಹಾಗಾಗಿ ಅದು ವಂಚನೆಯಲ್ಲ. ಒಡವೆಯ ಮೇಲಿನ ಮುಲಾಮನ್ನು ಚಿನ್ನವೆಂದೇ ತಿಳಿಯುತ್ತಾರೆ, ಹಾಗಾಗಿ ಅದು ವಂಚನೆ ಎಂದು ಅವನ ವಾದ. ಇಲ್ಲಿಗೆ ವಾದ ನಮ್ಮ ಕೈಗೆ ಬಂತು. ವಂಚನೆ ಇರುವುದು ಬಳಿದದ್ದರಲ್ಲಲ್ಲ, ನೋಡುವವರ ನಂಬಿಕೆಯಲ್ಲಿ ಎಂದು ಒಪ್ಪಿದ ಮೇಲೆ, ಹತ್ತಡಿ ಅಗಲದ ಹಾಲಿನಲ್ಲಿ ಮಕ್ರಾನದ ಬಂಡೆಯೇ ಬಂದು ನಿಂತಿದೆ ಎಂದು ನಂಬುವವರನ್ನು ಹರಿಹರ ತಾಲ್ಲೂಕಿನಲ್ಲಿ ಹುಡುಕಿ ತರುವ ಹೊಣೆ ರಸ್ಕಿನ್ ಪಕ್ಷದವರದು. ವಂಚನೆಗೆ ಮೋಸಮಾಡುವವನೊಬ್ಬನೇ ಸಾಲದು, ಮೋಸಹೋಗುವವನೂ ಬೇಕು. ನಮ್ಮ ಕಡೆ ಆ ಎರಡನೆಯ ಕೆಲಸಕ್ಕೆ ಜನ ಸಿಗುವುದು ಕಷ್ಟ. ಲೂಸ್‌ಗೆ ಉತ್ತರ ಬೇಕಿಲ್ಲ. ವಿಯೆನ್ನಾದಲ್ಲಿ ಬೀಗರು ಹೇಗೆ ತಟ್ಟುತ್ತಾರೋ ತಿಳಿದು ಮಾಡಿದ ಕಾನೂನು ಅದು.

ಮೂರನೆಯದು, ಎಲ್ಲಕ್ಕಿಂತ ಪ್ರಬಲವಾದದ್ದು, ನಮ್ಮ ದಾರ್ಶನಿಕರದು: ಇದು ಬರೀ ಭ್ರಮೆ. ಚಿಪ್ಪಿನಲ್ಲಿ ಬೆಳ್ಳಿ ಕಂಡಾಗ ಕಂಡದ್ದೇನು ಎಂಬುದರ ಮೇಲೆ ಅವರು ಶತಮಾನಗಟ್ಟಲೆ ಖ್ಯಾತಿವಾದಗಳನ್ನು ಬೆಳೆಸಿದರು. ಚಿಪ್ಪಿನ ಜಾಗದಲ್ಲಿ ಟೀವಿ ಗೋಡೆಯನ್ನಿಟ್ಟರೆ ಸಿದ್ಧಾಂತಗಳೆಲ್ಲ ಸಲೀಸಾಗಿ ಹೊಂದುತ್ತವೆ. ಪ್ರಾಭಾಕರರ ಪ್ರಕಾರ ಅಲ್ಲಿ ಸುಳ್ಳು ಜ್ಞಾನವೇ ಇಲ್ಲ. ಎದುರಿನ ಗೋಡೆಯ ನೋಟ ಒಂದು, ದಾವಣಗೆರೆಯ ಬಟ್ಟೆ ಅಂಗಡಿಯಲ್ಲಿ ಕಂಡಿದ್ದ ಕಲ್ಲಿನ ನೆನಪು ಒಂದು. ಎರಡರ ನಡುವಿನ ಭೇದ ಬೀಗರಿಗೆ ಹೊಳೆಯಲಿಲ್ಲ, ಅಷ್ಟೆ. ನೈಯಾಯಿಕರು ಇನ್ನೂ ಉದಾರಿಗಳು. ಕಂಡ ಅಮೃತಶಿಲೆ ನಿಜವಾಗಿಯೂ ಇದೆ, ಆದರೆ ಇಲ್ಲಿಲ್ಲ, ಬೇರೆಡೆ ಇದೆ; ಜ್ಞಾನವೇ ಅದನ್ನು ಇಲ್ಲಿಗೆ ತಂದು ಜೋಡಿಸುತ್ತದೆ ಎನ್ನುತ್ತಾರೆ. ಮಕ್ರಾನದಿಂದ ಕಡರನಾಯಕನಹಳ್ಳಿಗೆ ಲಾರಿ ಬಾಡಿಗೆಯಿಲ್ಲದೆ ಕಲ್ಲು ತಲುಪಿಸುವ ಏಕೈಕ ಏಜೆನ್ಸಿ ನ್ಯಾಯದರ್ಶನ. ಅದ್ವೈತಿಗಳಿಗೆ ಅದು ಇದೆಯೆನ್ನಲಾಗದ, ಇಲ್ಲವೆನ್ನಲಾಗದ ಅನಿರ್ವಚನೀಯ. ಗೆಣ್ಣು ತಗುಲಿದೊಡನೆ ಬಾಧಿತ. ಮಧ್ವಮತದಲ್ಲಿ ಗೋಡೆ ಸತ್ಯ, ಅದರ ಮೇಲೆ ಕಂಡ ಕಲ್ಲು ಎಲ್ಲಿಯೂ ಎಂದೂ ಇಲ್ಲದ ಅಸತ್ತು. ಯಜಮಾನರ ಎದುರು ಇದನ್ನು ಹೇಳುವಾಗ ಸ್ವಲ್ಪ ದಾಕ್ಷಿಣ್ಯ ಬೇಕು. ಆದರೆ ಪೇಂಟರ ಬಕೆಟ್ಟಿಗೆ ಎಲ್ಲರಿಗಿಂತ ಹತ್ತಿರ ಬಂದವರು ರಾಮಾನುಜರು. ಎಲ್ಲ ವಸ್ತುವಿನಲ್ಲೂ ಎಲ್ಲ ಭೂತಗಳ ಅಂಶ ಬೆರೆತಿರುವುದರಿಂದ, ಚಿಪ್ಪಿನಲ್ಲಿ ಬೆಳ್ಳಿಯ ಅಂಶವಿದ್ದೇ ಅದು ಕಾಣುತ್ತದೆ, ಕಂಡದ್ದೆಲ್ಲ ಯಥಾರ್ಥವೇ ಎಂಬುದು ಅವರ ಮತ. ಪುಟ್ಟಿಯಲ್ಲೂ ಎಮಲ್ಶನ್ನಿನಲ್ಲೂ ಮೈ ತುಂಬಿಸಲು ಹಾಕುವ ಪುಡಿ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೋನೇಟು; ಅಮೃತಶಿಲೆಯೂ ಅದೇ. ಕಲ್ಲಿನಂತೆ ಕಾಣುವ ಗೋಡೆಯಲ್ಲಿ ಕಲ್ಲಿನ ಅಂಶ ನಿಜಕ್ಕೂ ಇದೆ ಎಂದಾಯಿತು. ರಸಾಯನಶಾಸ್ತ್ರಕ್ಕೆ ಶತಮಾನಗಳ ಮುಂಚೆಯೇ ಶ್ರೀಭಾಷ್ಯದಲ್ಲಿ ಪುಟ್ಟಿಯ ಫಾರ್ಮುಲಾ ಇತ್ತು ಎಂದು ಸಾರಲು ಕೆಲವರು ತುದಿಗಾಲಲ್ಲಿರಬಹುದು. ಈ ಪ್ರಬಂಧ ಅಷ್ಟು ದೂರ ಹೋಗುವುದಿಲ್ಲ.

ಈ ಎಲ್ಲ ದರ್ಶನಗಳಿಗೂ ಒಂದು ಸಮಾನ ದೌರ್ಬಲ್ಯವಿದೆ. ಭ್ರಮೆ ಕಳೆದ ಮೇಲೆ ನೋಡಿದವನು ಕೈಕೊಡವಿ ಹೊರಟುಹೋಗುತ್ತಾನೆ ಎಂದು ಅವು ಭಾವಿಸಿವೆ. ಬೆಳ್ಳಿಯಲ್ಲ ಎಂದು ಗೊತ್ತಾದ ಮೇಲೆ ಚಿಪ್ಪನ್ನು ಯಾರೂ ಎತ್ತಿಕೊಳ್ಳುವುದಿಲ್ಲ. ಗೋಡೆಯ ವಿಷಯದಲ್ಲಿ ನಡೆಯುವುದು ತದ್ವಿರುದ್ಧ: ಕಲ್ಲಲ್ಲ ಎಂದು ತಿಳಿದ ಮೇಲೆಯೇ ಬೀಗರು ಇನ್ನೊಂದು ಹೆಜ್ಜೆ ಹತ್ತಿರ ಬಂದು, ಕನ್ನಡಕ ಮೇಲೆತ್ತಿ, ಗೆರೆಯ ಜಾಡು ಹಿಡಿಯುತ್ತಾರೆ. ಇದನ್ನು ವಿವರಿಸಬಲ್ಲ ಆಚಾರ್ಯ ಒಬ್ಬನೇ, ಅವನು ದಾರ್ಶನಿಕನಲ್ಲ, ರಂಗಮೀಮಾಂಸಕ. ನಟನನ್ನು ರಾಮನೆಂದು ನೋಡುವಾಗ ನಮಗಾಗುವುದು ಸತ್ಯಜ್ಞಾನವಲ್ಲ, ಮಿಥ್ಯಾಜ್ಞಾನವಲ್ಲ, ಸಂಶಯವಲ್ಲ, ಸಾದೃಶ್ಯವೂ ಅಲ್ಲ. ಚಿತ್ರದ ಕುದುರೆಯನ್ನು ಕುದುರೆ ಎನ್ನುವಂಥದು ಎಂದ ಶ್ರೀಶಂಕುಕ. ಅವನ ಗ್ರಂಥ ಉಳಿದಿಲ್ಲ, ಅಭಿನವಗುಪ್ತ ಖಂಡಿಸಲೆಂದು ಎತ್ತಿಕೊಂಡದ್ದರಿಂದ ಮತ ಮಾತ್ರ ಉಳಿಯಿತು. ಇದು ಎಲ್ಲ ವಿದ್ವಾಂಸರೂ ಚಿಂತಿಸಬೇಕಾದ ಸಂಗತಿ. ಚಿತ್ರತುರಗನ್ಯಾಯ ಎಂದು ಹೆಸರಾದ ಈ ಮಾತನ್ನು ದಾವಣಗೆರೆ ಸೀಮೆಗೆ ಹೊಸದಾಗಿ ಕಲಿಸಬೇಕಿಲ್ಲ. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು. ವೃತ್ತಿನಾಟಕದ ರಂಗದಲ್ಲಿ ದರ್ಬಾರಿನ ಪರದೆ ಇಳಿದಾಗ ಅದರ ಮೇಲೆ ಬರೆದ ಅಮೃತಶಿಲೆಯ ಕಂಬಗಳು ಗಾಳಿಗೆ ಅಲ್ಲಾಡುತ್ತವೆ. ಕಂಬ ಅಲ್ಲಾಡಿತೆಂದು ಚಪ್ಪರದಿಂದ ಎದ್ದು ಓಡಿದವರಿಲ್ಲ, ಕಂಬ ಬಟ್ಟೆಯದೆಂದು ಟಿಕೆಟ್ ಹಣ ವಾಪಸ್ ಕೇಳಿದವರೂ ಇಲ್ಲ. ಭರತನ ನಾಟ್ಯಶಾಸ್ತ್ರ ಬಿದಿರು, ಚಾಪೆ, ಚರ್ಮ, ಬಟ್ಟೆಗಳಿಂದ ಬೆಟ್ಟ, ರಥ, ಆನೆ ಮಾಡುವ ಈ ಕಸುಬಿಗೆ ‘ಪುಸ್ತ’ ಎಂದು ಹೆಸರಿಟ್ಟು ಆಹಾರ್ಯಾಭಿನಯದಲ್ಲಿ ಜಾಗ ಕೊಟ್ಟಿದೆ. ಕಂಪನಿಗಳು ಸೊರಗಿದವು, ಪರದೆಗಳು ಮಡಿಚಿಕೊಂಡವು. ದರ್ಬಾರು ಸೀನು ಈಗ ಹಾಲಿನ ನಾಲ್ಕನೆಯ ಗೋಡೆಗೆ ಬಂದಿದೆ. ಅದರ ಮುಂದೆ ಟೀವಿಯಲ್ಲಿ ಅಭಿನಯ ಸಂಜೆ ಆರರಿಂದಲೇ ಶುರು.

ಕೊನೆಯ ದೊಡ್ಡ ಆಕ್ಷೇಪ ಮನೆಯ ಹಿರಿಯರದು. ಹಿಂದೆ ಯುಗಾದಿಗೋ ದೀಪಾವಳಿಗೋ ಗೋಡೆಗೆ ಸುಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಕಾರಣೆ ಎಳೆದರೆ ಮುಗಿಯಿತು. ಗೋಡೆ ಗೋಡೆಯ ಹಾಗೆ ಇರುತ್ತಿತ್ತು, ಈ ವೇಷವೆಲ್ಲ ಯಾಕೆ ಎನ್ನುತ್ತಾರೆ. ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ, ಯಾಕೆಂದರೆ ಸುಣ್ಣದ ಹಿಂದೆ ಒಂದು ಸ್ವಾರಸ್ಯವಿದೆ. ಸುಣ್ಣದಕಲ್ಲನ್ನೋ ಚಿಪ್ಪನ್ನೋ ಭಟ್ಟಿಯಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ನೀರು ಹಾಕಿ ಅರಳಿಸಿ ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ಅದೇ ಅನಿಲವನ್ನು ನಿಧಾನವಾಗಿ ಹಿಂದಕ್ಕೆ ಎಳೆದುಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೋನೇಟೇ ಆಗುತ್ತದೆ. ಅಂದರೆ ಅಜ್ಜಿಯ ಕಾಲದ ಸುಣ್ಣದ ಗೋಡೆಗೆ ಧಾತುವಿನ ಲೆಕ್ಕದಲ್ಲಿ ವರ್ಷಕ್ಕೊಂದು ಪದರ ಅಮೃತಶಿಲೆ ಏರುತ್ತಿತ್ತು. ಮುಟ್ಟಿದರೆ ಅಂಗಿಗೆ ಬಿಳಿ ಹತ್ತುತ್ತಿತ್ತು ಎಂಬುದನ್ನು ಬಿಟ್ಟರೆ ಮಕ್ರಾನಕ್ಕೂ ಅದಕ್ಕೂ ರಾಸಾಯನಿಕ ಜಗಳವಿರಲಿಲ್ಲ. ಆ ಪದರಗಳನ್ನು ಕೆರೆದು ತೆಗೆದು, ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನ ಸಂತತಿಯನ್ನು ಬಳಿದು, ಅದರಲ್ಲಿ ಅಮೃತಶಿಲೆಯ ಚಿತ್ರ ಬರೆಸುತ್ತಿದ್ದೇವೆ. ಬೆಳ್ಳಿ ಕಾಣುತ್ತದೋ ಇಲ್ಲವೋ ಎಂದು ಎಲ್ಲ ದರ್ಶನಗಳೂ ಕಿತ್ತಾಡಿದ ಆ ಚಿಪ್ಪು ಕೂಡ ಇದೇ ಕಾರ್ಬೋನೇಟು. ಅದರಲ್ಲಿ ಅಮೃತಶಿಲೆ ಕಂಡಿದ್ದವನಿದ್ದರೆ ಅವನೊಬ್ಬನಿಗೆ ಭ್ರಮೆಯೇ ಆಗುತ್ತಿರಲಿಲ್ಲ. ಹೀಗೆ ಹಿರಿಯರ ಪಕ್ಷ ಸತ್ಯದ ಮಟ್ಟಿಗೆ ಗೆಲ್ಲುತ್ತದೆ. ಗೋಡೆ ಉಸಿರಾಡುವುದು, ತೇವ ಬಿಡುವುದು ಮುಂತಾದ ಅವರ ಉಳಿದ ವಾದಗಳನ್ನೂ ಒಪ್ಪಿಬಿಡೋಣ. ಆದರೆ ಸತ್ಯವಾಗಿದ್ದರೂ ಆ ಗೋಡೆಯನ್ನು ಯಾರೂ ತಟ್ಟಿ ನೋಡಲಿಲ್ಲ, ಅಡಿಗೆ ಎಷ್ಟು ಎಂದು ಕೇಳಲಿಲ್ಲ. ನಿಜವಾದ ಅಮೃತಶಿಲೆ ತಲೆಮಾರುಗಟ್ಟಲೆ ಮನೆಯೊಳಗಿದ್ದೂ ಒಂದೇ ಒಂದು ಹೊಗಳಿಕೆಯನ್ನು ಸಂಪಾದಿಸಲಿಲ್ಲ ಎಂಬುದು ನಮ್ಮ ಸಿದ್ಧಾಂತಕ್ಕೆ ಸಿಗಬಹುದಾದ ಅತ್ಯಂತ ಗಟ್ಟಿ ಪುರಾವೆ.

ಇತ್ತೀಚೆಗೆ ಮಾರುಕಟ್ಟೆಗೆ ಬಂದಿರುವ ಎಂಟಡಿ-ನಾಲ್ಕಡಿಯ ಪಿವಿಸಿ ಮಾರ್ಬಲ್ ಶೀಟು ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ಅದರ ಗೆರೆಗಳನ್ನು ಕಲ್ಲಿನ ಫೋಟೋದಿಂದ ಅಚ್ಚು ಹಾಕಿರುತ್ತಾರೆ; ಕೈಯಿಂದ ಬರೆದದ್ದಕ್ಕಿಂತ ಅದು ಕಲ್ಲಿಗೆ ಹತ್ತಿರ, ಆದ್ದರಿಂದ ಕಲೆಯಿಂದ ದೂರ. ತಟ್ಟಿದರೆ ಡಬ್ಬದ ಸದ್ದು ಬರುತ್ತದೆ, ಆದರೆ ತಟ್ಟುವ ಮುನ್ನವೇ ಪಕ್ಕದ ಶೀಟಿನಲ್ಲಿ ಅದೇ ಗೆರೆ ಅದೇ ಜಾಗದಲ್ಲಿ ಮತ್ತೆ ಕಂಡು ಬೀಗರು ಸುಮ್ಮನಾಗುತ್ತಾರೆ. ಯಾರ ಕೈಚಳಕವೂ ಇಲ್ಲದಲ್ಲಿ ಸಿಕ್ಕಿಬೀಳಲು ಯಾರೂ ಇಲ್ಲ. ಗರಿ ಹಿಡಿದ ಪೇಂಟರಿಗೆ ಇದರಿಂದ ಕೆಲಸ ಕಡಿಮೆಯಾಗುತ್ತಿದೆ ಎಂಬುದನ್ನು ಪ್ರಬಂಧಕಾರ ವಿಷಾದದಿಂದಲೇ ದಾಖಲಿಸುತ್ತಾನೆ. ವಿಷಾದಕ್ಕೆ ಅಡಿ ಲೆಕ್ಕದಲ್ಲಿ ದರವಿಲ್ಲ.

ಉಳಿದದ್ದು ಸ್ವಿಚ್‌ಬೋರ್ಡಿನ ಪ್ರಶ್ನೆ. ಎಷ್ಟೇ ನಾಜೂಕಾಗಿ ಗೆರೆ ಎಳೆದರೂ ಅಮೃತಶಿಲೆಯ ನಡುವೆ ಒಂದು ಬಿಳಿ ಪ್ಲಾಸ್ಟಿಕ್ ಸ್ವಿಚ್‌ಬೋರ್ಡು ಕೂತಿರುತ್ತದೆ. ಪೇಂಟರು ಅದರ ಸುತ್ತ ಟೇಪು ಅಂಟಿಸಿ ಕೆಲಸ ಮಾಡುತ್ತಾನೆ. ಹತ್ತಿರ ಹೋದರೆ ಟೇಪು ಕಿತ್ತ ಜಾಗದಲ್ಲಿ ಕೂದಲೆಳೆಯಷ್ಟು ತಳಬಣ್ಣ ಕಾಣುತ್ತದೆ. ನಮ್ಮ ಸಿದ್ಧಾಂತದಂತೆ ಇದು ದೋಷವಲ್ಲ, ಗೆಣ್ಣು ಎಲ್ಲಿಗೆ ಬರಬೇಕೆಂದು ತೋರಿಸುವ ಗುರುತು. ಹಾಗಾಗಿ ಅದನ್ನು ತಿದ್ದಲು ಪೇಂಟರನ್ನು ಮತ್ತೆ ಕರೆಸಬಾರದು. ಆದರೆ ಕೆಲವು ಅತ್ಯುತ್ಸಾಹಿಗಳು ಸ್ವಿಚ್‌ಬೋರ್ಡಿನ ಮೇಲೂ ಗೆರೆ ಎಳೆದು ಅದನ್ನೂ ಕಲ್ಲಿನಲ್ಲಿ ಕರಗಿಸಿಬಿಡು ಎನ್ನುತ್ತಾರೆ. ಶಾಸ್ತ್ರ ಇದನ್ನು ಕಡ್ಡಾಯವಾಗಿ ನಿಷೇಧಿಸುತ್ತದೆ. ಇದಕ್ಕೆ ಖ್ಯಾತಿವಾದದ ಆಧಾರವೇನೂ ಇಲ್ಲ. ಹೋದ ಕರೆಂಟು ಬಂದಾಗ ಫ್ಯಾನು ಹಾಕಲು ಮನೆಮಂದಿಯೆಲ್ಲ ಗೋಡೆ ತಡವಬೇಕಾಗುತ್ತದೆ, ಅಷ್ಟೆ.